ಹದಿನಾಲ್ಕನೇ ನಂಬರಿನವರು ಸೈಡ್ ಕೊಟ್ಟದ್ದು

ನನ್ನ ಯಜಮಾನರು ಬಸ್ಸಿನ ಸ್ಟೇರಿಂಗ್ ಬಿಟ್ಟು ಏಳು ವರ್ಷವಾಯಿತು. ಇವತ್ತಿಗೂ ಯಾರಾದರೂ "ರೈಟ್" ಅನ್ನದೆ ಅವರ ಗಾಡಿ ಹೊರಡುವುದಿಲ್ಲ. ಮನೆಯಲ್ಲಿ ಆ ಕೆಲಸ ನನ್ನದು. ಚಪ್ಪಲಿ ಮೆಟ್ಟಿಕೊಂಡು, ಬೀಗದ ಕೈ ಜೇಬಿಗಿಳಿಸಿ, ಬಾಗಿಲಲ್ಲಿ ನಿಂತೇ ಇರುತ್ತಾರೆ. ಒಲೆ ಆರಿಸಿದ್ದೇನೆ, ಕಿಟಕಿ ಹಾಕಿದ್ದೇನೆ ಎಂದರೆ ಸಾಲದು. "ರೈಟ್ ರೀ" ಅನ್ನಬೇಕು. ಅಂದಕೂಡಲೇ ಎಡಗಾಲು ಮುಂದೆ.

ಗಾಲ್ಫ್ ಮೈದಾನದಲ್ಲಿ ಮಾತ್ರ ನನ್ನ ರೈಟಿಗೆ ಬೆಲೆಯಿಲ್ಲ. ಅಲ್ಲಿ ಅಸಲಿ ಕಂಡಕ್ಟರೇ ಇದ್ದಾರೆ.

ಬಸ್ಸಿನವರಿಗೂ ಗಾಲ್ಫಿಗೂ ಎಲ್ಲಿಯ ನಂಟು ಎಂದು ಕೇಳುವವರಿದ್ದಾರೆ. ರೈಲು ನಿಲ್ದಾಣದಿಂದ ದೊಡ್ಡಾಸ್ಪತ್ರೆಗೆ ಹೋಗುವ ಹದಿನಾಲ್ಕನೇ ನಂಬರಿನ ಬಸ್ಸು ಊರಿನ ಸಾರ್ವಜನಿಕ ಗಾಲ್ಫ್ ಮೈದಾನದ ಬೇಲಿಯ ಪಕ್ಕದಲ್ಲೇ ಸಿಗ್ನಲ್ಲಿಗೆ ನಿಲ್ಲುತ್ತಿತ್ತು. ದಿನಕ್ಕೆ ಎಂಟು ಸಲ. ಹಿಂದೆ ಹಾರ್ನು, ಮುಂದೆ ಕೆಂಪು ದೀಪ, ಪಕ್ಕದಲ್ಲಿ ಕಣ್ಣು ಹಾಯುವಷ್ಟು ಹುಲ್ಲು. ಆ ಹುಲ್ಲಿನ ಮೇಲೆ ನಾಲ್ಕು ಜನ ನಡೆದು ಬರುತ್ತಿದ್ದರು. ಒಬ್ಬರು ಪುಟ್ಟ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದರೆ ಉಳಿದ ಮೂವರು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. "ಕಂಡಕ್ಟರ್ರೇ, ನೋಡಿ ಅಲ್ಲಿ. ಯಾರಿಗೂ ಟೈಮೇ ಆಗಿಲ್ಲ!" ಎಂದು ಇವರು ಇಪ್ಪತ್ತಾರು ವರ್ಷ ಹೇಳಿದರಂತೆ. "ನಮಗೂ ಒಂದಿನ ಟೈಮ್ ಆಗಲ್ಲ, ಬಿಡಿ ಡ್ರೈವರ್ರೇ" ಎಂದು ಅವರು ಇಪ್ಪತ್ತಾರು ವರ್ಷ ಉತ್ತರಿಸಿದರಂತೆ. ಅಷ್ಟು ವರ್ಷ ಒಂದೇ ಬಸ್ಸಿನಲ್ಲಿ ದುಡಿದರೂ ಇಬ್ಬರೂ ಏಕವಚನಕ್ಕೆ ಇಳಿದವರಲ್ಲ. ಜಗಳವಾಡಿದಾಗಲೂ "ನಿಮಗೆ ಬುದ್ಧಿ ಇದೆಯೇನ್ರೀ" ಅಂದುಕೊಳ್ಳುತ್ತಾರೆ.

ನಿವೃತ್ತಿಯಾದ ಮುಂದಿನ ವಾರವೇ ಹಿರಿಯರ ಕಾರ್ಡು ಮಾಡಿಸಿಕೊಂಡು, ಯಾರೋ ಬಳಸಿ ಬಿಟ್ಟ ಕೋಲುಗಳನ್ನು ಹೊಂದಿಸಿಕೊಂಡು ಇಬ್ಬರೂ ಬೇಲಿಯ ಒಳಗೆ ಹೋದರು. ಜೊತೆಗೆ ನಾನು, ನನ್ನ ನಾದಿನಿ. ಪ್ರತಿ ಗುರುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಸರದಿ. ಒಂಬತ್ತು ಗುಳಿಗಳು, ಒಂದೊಂದರಲ್ಲೂ ಒಂದು ಬಾವುಟ. ಒಂದು ಕಟ್ಟೆಯ ಮೇಲಿಂದ ಚೆಂಡು ಹೊಡೆಯುತ್ತಾ ಹೊಡೆಯುತ್ತಾ ಬಾವುಟದ ಬುಡದ ಗುಳಿಗೆ ಬೀಳಿಸಬೇಕು. ಆಮೇಲೆ ಮುಂದಿನ ಕಟ್ಟೆ. ಆಟವೆಂದರೆ ಇಷ್ಟೇ. ನಿಜವಾಗಿ ಕಷ್ಟವಾಗುವುದು ಹಿಂದೆ ಬರುವವರ ಜೊತೆ.

ನಾವು ನಿಧಾನ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಯಜಮಾನರು ಕೋಲು ಹಿಡಿದು ಚೆಂಡಿನ ಮುಂದೆ ನಿಂತರೆ, ಕಂಡಕ್ಟರು ಅವರ ಹಿಂದೆ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಾರೆ. ಮುಂದೆ ನೋಡುತ್ತಾರೆ. ಎಡಗಡೆ ನೋಡುತ್ತಾರೆ. ಬಲಗಡೆ ನೋಡುತ್ತಾರೆ. ತಿರುಗಿ ಹಿಂದೆ ನೋಡುತ್ತಾರೆ. ನಾನೂ ನಾದಿನಿಯೂ ಎಲ್ಲಿದ್ದೇವೆಂದು ಎಣಿಸುತ್ತಾರೆ. ಇಬ್ಬರೇ ಇದ್ದೇವೆಂದು ಗೊತ್ತಿದ್ದರೂ ಬೆರಳು ಮಡಚುತ್ತಾರೆ. ಆಮೇಲೆ "ರೈಟ್". ಆಗ ಇವರು ಹೊಡೆಯುತ್ತಾರೆ. ಒಂದೊಂದು ಗುಳಿಗೆ ಇವರಿಗೆ ಏಳೆಂಟು ಹೊಡೆತ ಬೇಕು. ಒಂದೊಂದು ಹೊಡೆತಕ್ಕೂ ಒಂದು ರೈಟು.

ಅವರ ಈ ಎಚ್ಚರಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಕಂಡಕ್ಟರು ಅವಸರದಲ್ಲಿ ಹಿಂದೆ ನೋಡದೆ ರೈಟ್ ಹೇಳಿಬಿಟ್ಟರಂತೆ. ಇಳಿದು ಹೋಗುತ್ತಿದ್ದ ಅಜ್ಜಿಯೊಬ್ಬರ ಕೊಡೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಅಜ್ಜಿ ಕೊಡೆಯ ಹಿಡಿ ಬಿಡಲಿಲ್ಲ; ಬಸ್ಸಿನ ಜೊತೆಗೇ ಇಪ್ಪತ್ತು ಅಡಿ ಓಡಿದರು. ಏನೂ ಪೆಟ್ಟಾಗಲಿಲ್ಲ, ಆದದ್ದೆಲ್ಲ ಕಂಡಕ್ಟರಿಗೇ. ಅದೇ ಕೊಡೆಯಿಂದ. "ಅವತ್ತು ಬಿದ್ದ ಏಟು ಇವತ್ತಿಗೂ ಮೋಡ ಕವಿದಾಗ ನೋಯತ್ತೆ ಅಕ್ಕಾ" ಎನ್ನುತ್ತಾರೆ.

ಇನ್ನು ನನ್ನ ನಾದಿನಿ. ನಲವತ್ತು ವರ್ಷ ಹೊಲಿಗೆ ಮಾಡಿದವಳು. ನೆಲಕ್ಕೆ ಬಿದ್ದ ಸೂಜಿ ಸಿಗುವವರೆಗೆ ಅಂಗಡಿಯಲ್ಲಿ ಯಾರನ್ನೂ ಹೆಜ್ಜೆ ಎತ್ತಲು ಬಿಡುತ್ತಿರಲಿಲ್ಲ. ಪೊದೆಗೆ ಬಿದ್ದ ಚೆಂಡನ್ನು ಅವಳು ಬಿಟ್ಟು ಬರುವಳೇ? ಒಂದನ್ನು ಹುಡುಕಲು ಹೋಗಿ ನಾಲ್ಕನ್ನು ತರುತ್ತಾಳೆ, ಮೂರು ಬೇರೆಯವರವು. "ಪಾಪ, ಯಾರದೋ ಏನೋ" ಎಂದು ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಕೊನೆಯಲ್ಲಿ ಎಲ್ಲವನ್ನೂ ಕಚೇರಿ ಬಾಗಿಲಿನ ಬುಟ್ಟಿಗೆ ಸುರಿಯುತ್ತಾಳೆ.

ನಾನೂ ಕಡಿಮೆಯಿಲ್ಲ. ಗ್ರಂಥಾಲಯದಲ್ಲಿ ದುಡಿದ ಕೈ. ತೆಗೆದ ವಸ್ತುವನ್ನು ತೆಗೆದ ಜಾಗದಲ್ಲೇ ಇಡಬೇಕು. ಕೋಲಿನೇಟಿಗೆ ಹುಲ್ಲಿನ ಹೆಂಟೆ ಕಿತ್ತು ಹಾರಿದರೆ ಅದನ್ನು ತಂದು ಗಾಯದ ಮೇಲೆ ಮುಚ್ಚಿ ತುಳಿಯುವುದು ಆಟದ ಮರ್ಯಾದೆ. ನಾನು ನಮ್ಮದನ್ನಷ್ಟೇ ಅಲ್ಲ, ಮುಂದೆ ಹೋದವರದನ್ನೂ ಮುಚ್ಚುತ್ತೇನೆ. ಬಗ್ಗಿ ಏಳುವುದು ಈ ವಯಸ್ಸಿನಲ್ಲಿ ಅಷ್ಟು ಬೇಗ ಆಗುವ ಕೆಲಸವಲ್ಲ.

ನಮ್ಮ ಹಿಂದೆ ಎಂಟೂ ಹತ್ತಕ್ಕೆ ಹೊರಡುತ್ತಿದ್ದವರು ಹಲ್ಲಿನ ಡಾಕ್ಟರು ಮತ್ತು ಅವರ ಮೂವರು ಗೆಳೆಯರು. ಡಾಕ್ಟರಿಗೆ ಹತ್ತೂವರೆಗೆ ಮೊದಲ ರೋಗಿ. ಆದ್ದರಿಂದ ಅವರದು ಓಟ. ಮರಳುಗುಂಡಿಯಲ್ಲಿ ಎಮ್ಮೆ ಹೊರಳಿದ ಹಾಗೆ ಹೆಜ್ಜೆ ಮೂಡಿಸಿ, ಅದನ್ನು ಅಳಿಸಲೆಂದೇ ಪಕ್ಕದಲ್ಲಿ ಒರಗಿಸಿಟ್ಟ ಕುಂಟೆಯನ್ನು ಮುಟ್ಟಿಯೂ ನೋಡದೆ ಹೋಗುತ್ತಿದ್ದರು. ಫೋನು ಸದಾ ಗಟ್ಟಿಯಾಗಿ. ಯಾರ ದವಡೆ ಹಲ್ಲು ಹುಳುಕಾಗಿದೆ ಎಂಬುದು ಮೂರನೇ ಗುಳಿಯಿಂದ ಐದನೇ ಗುಳಿಯವರೆಗೆ ಎಲ್ಲರಿಗೂ ತಿಳಿಯುತ್ತಿತ್ತು. ಚೆಂಡು ಜನರ ಕಡೆ ಹಾರಿದರೆ "ಫೋರ್!" ಎಂದು ಕೂಗಿ ಎಚ್ಚರಿಸಬೇಕು. ಡಾಕ್ಟರು ಕೂಗುತ್ತಿರಲಿಲ್ಲ. "ಹಾರ್ನೇ ಹಾಕದೆ ಓವರ್‌ಟೇಕ್ ಮಾಡೋ ಜಾತಿ" ಎನ್ನುತ್ತಿದ್ದರು ಕಂಡಕ್ಟರು.

ಇವರೆಲ್ಲರ ಮೇಲೆ ಕಣ್ಣಿಡಲು ಮೈದಾನದಲ್ಲಿ ಒಬ್ಬ ಮೇಲ್ವಿಚಾರಕರಿದ್ದರು. ಬ್ಯಾಟರಿ ಗಾಡಿಯಲ್ಲಿ ಓಡಾಡುತ್ತಾ ಯಾವ ತಂಡ ಎಷ್ಟು ಹೊತ್ತಿಗೆ ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಆ ಕೆಲಸಕ್ಕೆ ಅವರಷ್ಟು ಒಗ್ಗದ ಮನುಷ್ಯ ಇನ್ನೊಬ್ಬರಿಲ್ಲ. "ಕ್ಷಮಿಸಿ" ಎಂದಲ್ಲದೆ ಮಾತು ಶುರುಮಾಡುತ್ತಿರಲಿಲ್ಲ. ನಾವು ಅವರನ್ನು ಕ್ಷಮಿಸಿ ಎಂದೇ ಕರೆಯುತ್ತಿದ್ದೆವು. ಡಾಕ್ಟರು ಕೆಡಿಸಿ ಹೋದ ಮರಳನ್ನು ಇವರು ಗಾಡಿ ನಿಲ್ಲಿಸಿ ಸದ್ದಿಲ್ಲದೆ ಕುಂಟೆ ಎಳೆದು ಸಮ ಮಾಡುವುದನ್ನು ನಾನು ಎರಡು ಸಲ ನೋಡಿದ್ದೇನೆ. ಮರಳಿಗೂ ಕ್ಷಮಿಸಿ ಅಂದಿರಬೇಕು.

ಒಂದು ಸೋಮವಾರ ಮೈದಾನದ ಕಾರ್ಯದರ್ಶಿಯವರ ಪತ್ರ ಬಂತು. ಒಂಬತ್ತು ಗುಳಿಗಳನ್ನು ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಸಬೇಕು. ನಮ್ಮ ತಂಡ ಎರಡು ಸಲ ಮೀರಿದೆ. ಮೂರನೆಯ ಸಲ ಮೀರಿದರೆ ನಮ್ಮ ಬೆಳಗಿನ ಸರದಿ ಹೋಗಿ ಮಧ್ಯಾಹ್ನ ಎರಡರ ಸರದಿ ಕೊಡಲಾಗುವುದು.

ಯಜಮಾನರು ಕನ್ನಡಕ ಹಣೆಗೇರಿಸಿದರು. "ಎರಡು ಗಂಟೆಗೆ ಬಿಸಿಲು. ಟೋಪಿ ಹಾಕ್ಕೊಂಡ್ರಾಯ್ತು."

"ಬಿಸಿಲಿನ ಮಾತಲ್ಲ ರೀ. ಎರಡು ಗಂಟೆಗೆ ಕಂಡಕ್ಟರು ಬರೋಕಾಗಲ್ಲ."

ಕಂಡಕ್ಟರ ಮಗಳು ಔಷಧಿ ಅಂಗಡಿಯಲ್ಲಿ ಸಂಜೆವರೆಗೆ ಕೆಲಸ ಮಾಡುತ್ತಾಳೆ. ಮೊಮ್ಮಗಳು ಪುಟ್ಟಿಯನ್ನು ಒಂದು ಗಂಟೆಗೆ ಶಾಲೆಯಿಂದ ಕರೆತಂದು, ಊಟ ಮಾಡಿಸಿ, ಮಗಳು ಬರುವವರೆಗೆ ನೋಡಿಕೊಳ್ಳುವುದು ಅಜ್ಜನ ಪಾಲಿನ ಕೆಲಸ. ಒಂದು ದಿನವೂ ತಪ್ಪಿಸಿದವರಲ್ಲ. ಬೆಳಗಿನ ಸರದಿ ಹೋಯಿತೆಂದರೆ ಕಂಡಕ್ಟರೂ ಹೋದರು.

"ಹಿಂದೆ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿದೆ" ಎಂದು ನಾನು ಪತ್ರ ತಿರುಗಿಸಿದೆ. "ಹಿಂದಿನ ತಂಡಕ್ಕೆ ದಾರಿ ಬಿಟ್ಟುಕೊಟ್ಟವರಿಗೆ ಆ ದಿನ ಈ ಹೊತ್ತಿನ ನಿಯಮ ಅನ್ವಯಿಸುವುದಿಲ್ಲ."

"ದಾರಿ ಬಿಡೋದು ಅಂದ್ರೆ?"

"ಸೈಡ್ ಕೊಡೋದು ರೀ."

ಕಾಫಿ ಲೋಟ ಮೇಜಿನ ಮೇಲೆ ಕೂತಿತು, ಸ್ವಲ್ಪ ಜೋರಾಗಿ.

"ಮೂವತ್ತೊಂದು ವರ್ಷ ಬಸ್ ಓಡಿಸಿದೀನಿ ಕಣೇ. ಯಾರಿಗೆ ಸೈಡ್ ಕೊಟ್ಟಿದೀನಿ, ಹೇಳು ನೋಡೋಣ."

"ಆಂಬುಲೆನ್ಸಿಗೆ. ಬೆಂಕಿ ಆರಿಸೋ ಗಾಡಿಗೆ."

"ಮತ್ತೆ?"

"ಒಂದ್ಸಲ ಬಾತುಕೋಳಿಗಳಿಗೆ."

"ಅವು ಅಡ್ಡ ದಾಟಿದ್ದು! ಅದು ಸೈಡ್ ಕೊಟ್ಟಂಗಲ್ಲ." ಅವರ ಕಿವಿ ಕೆಂಪಾಯಿತು. "ಐವತ್ತು ಜನ ಇರೋ ಗಾಡಿ, ಒಬ್ಬ ಕೂತಿರೋ ಗಾಡಿಗೆ ಯಾಕೆ ಪಕ್ಕಕ್ಕೆ ಸರೀಬೇಕು? ಹಾರ್ನ್ ಹೊಡೀತಾನೆ ಅಂತಲಾ? ಹೊಡೀಲಿ. ಬ್ಯಾಟರಿ ಅವನದು."

ಮಾತಿನಲ್ಲಿ ನ್ಯಾಯವಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಗಾಲ್ಫಿನಲ್ಲಿ ಐವತ್ತು ಜನ ಇರುವುದಿಲ್ಲವಲ್ಲ.

ಕಂಡಕ್ಟರಿಗೆ ಸುದ್ದಿ ತಿಳಿಸಿದ್ದು ನಾನೇ. "ಎರಡು ಗಂಟೆ ಅಂದ್ರೆ ನಾನಿಲ್ಲ ಅಕ್ಕಾ. ಡ್ರೈವರಿಗೆ ಬೇರೆ ಯಾರಾದ್ರೂ ರೈಟ್ ಹೇಳ್ತಾರೆ, ಬಿಡಿ" ಎಂದರು. ಹಾಗೆಂದವರು ಎರಡು ದಿನ ಹಿತ್ತಲಲ್ಲಿ ಬೇಗ ಬೇಗ ರೈಟ್ ಹೇಳುವುದನ್ನು ಅಭ್ಯಾಸ ಮಾಡಿದರಂತೆ. ಪುಟ್ಟಿ ಗಡಿಯಾರ ಹಿಡಿದು ಕೂತಿದ್ದಳಂತೆ.

ಗುರುವಾರ ಎಂಟಕ್ಕೆ ಹೊರಟೆವು. ಹತ್ತೂ ಇಪ್ಪತ್ತಕ್ಕೆ ಮುಗಿಸಬೇಕು. ನಾದಿನಿ ಚಹಾದ ಫ್ಲಾಸ್ಕನ್ನು ಮನೆಯಲ್ಲೇ ಬಿಟ್ಟಿದ್ದಳು. ಪೊದೆಗೆ ಬಿದ್ದದ್ದು ಪೊದೆಗೆ ಎಂದು ಅಣ್ಣನ ಮುಂದೆ ಮಾತು ಕೊಟ್ಟಿದ್ದಳು. ನಾನು ಕಿತ್ತ ಹುಲ್ಲನ್ನು ನೋಡಿಯೂ ನೋಡದ ಹಾಗೆ ನಡೆಯುವುದೆಂದು ನಿಶ್ಚಯಿಸಿದ್ದೆ.

ಮೊದಲ ಎರಡು ಗುಳಿ ಹಾರಿಕೊಂಡು ಹೋದೆವು. ಕಂಡಕ್ಟರು ಕತ್ತನ್ನು ಗಿಳಿಯ ಹಾಗೆ ಅತ್ತಿತ್ತ ಹೊರಳಿಸಿ "ರೈಟ್" ಅನ್ನುತ್ತಿದ್ದರು. ಮೂರನೆಯ ಕಟ್ಟೆಯ ಮೇಲೆ ಯಜಮಾನರು ಕೋಲು ಎತ್ತಿದವರು ಹಾಗೇ ಇಳಿಸಿದರು.

"ನೀವು ನೋಡ್ಲಿಲ್ಲ."

"ನೋಡಿದೆ."

"ಎಡಗಡೆ?"

"ನೋಡಿದೆ."

"ಹಿಂದೆ?"

ಕಂಡಕ್ಟರು ಗಡಿಯಾರ ನೋಡಿದರು. "ಹಿಂದೆ ಏನಿರತ್ತೆ ಡ್ರೈವರ್ರೇ? ಅಕ್ಕಂದಿರಿಬ್ಬರು."

"ಅಜ್ಜಿ ಕೊಡೆ ಎಲ್ಲಿತ್ತು, ಮುಂದಿತ್ತಾ?"

ಅದನ್ನು ಎತ್ತಬಾರದಿತ್ತು. ಕಂಡಕ್ಟರ ಮುಖ ಚಿಕ್ಕದಾಯಿತು. "ನಿಮಗೆ ಮನುಷ್ಯತ್ವ ಇದೆಯೇನ್ರೀ? ಮೂವತ್ತಮೂರು ವರ್ಷದ ಹಳೇ ಕೊಡೆ!" ಎಂದರು. ಆದರೂ ತಿರುಗಿ ಹಿಂದೆ ನೋಡಿ, ನಮ್ಮಿಬ್ಬರನ್ನೂ ಎಣಿಸಿ, ಮತ್ತೆ ರೈಟ್ ಹೇಳಿದರು. ಅಷ್ಟರಲ್ಲಿ ಇವರ ಲಯ ತಪ್ಪಿತ್ತು. ಚೆಂಡು ಕೊಳಕ್ಕೆ ಬಿತ್ತು. ಇನ್ನೊಂದು ಹೊಡೆದರು. ಅದೂ ಮೊದಲನೆಯದಕ್ಕೆ ಜೊತೆಯಾಗಲು ಹೋಯಿತು.

ನಾಲ್ಕನೆಯದರಲ್ಲಿ ನಾದಿನಿಯ ಚೆಂಡು ಪೊದೆ ಸೇರಿತು. ಅವಳು ಪೊದೆಯ ಪಕ್ಕದಲ್ಲಿ ಹಾದುಹೋಗುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅತ್ತಿಗೆ, ಅಲ್ಲೇ ಕಾಣ್ತಿದೆ. ಎಲೆ ಕೆಳಗೆ. ಅದರ ಪಕ್ಕ ಹಳದೀದು ಇನ್ನೊಂದು."

"ನೋಡ್ಬೇಡ ಕಣೇ."

"ಕೈ ಕಡೀತಿದೆ ಅತ್ತಿಗೆ!"

ನಾನೂ ಸುಖವಾಗಿರಲಿಲ್ಲ. ನಾನು ಮುಚ್ಚದೆ ಬಿಟ್ಟುಬಂದ ಹೆಂಟೆಗಳು ಕಪಾಟಿನಿಂದ ಬಿದ್ದ ಪುಸ್ತಕಗಳಂತೆ ಬೆನ್ನಿಗೆ ಕಣ್ಣು ನೆಟ್ಟಂತಿತ್ತು. ಇಷ್ಟೆಲ್ಲ ಕಲ್ಲು ಮನಸ್ಸು ಮಾಡಿಕೊಂಡರೂ ಐದನೇ ಗುಳಿ ಮುಗಿದಾಗ ಒಂಬತ್ತೂ ಇಪ್ಪತ್ನಾಲ್ಕು. ಏಳು ನಿಮಿಷ ಹಿಂದೆ ಬಿದ್ದಿದ್ದೆವು.

ಆರನೇ ಕಟ್ಟೆಯಿಂದ ಹೊಡೆದು, ಎರಡನೇ ಹೊಡೆತಕ್ಕೆಂದು ಹುಲ್ಲಿನ ನಡುವೆ ನಿಂತಿದ್ದೆವು. ಕಂಡಕ್ಟರು ಮುಂದೆ ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹಿಂದೆ ತಿರುಗುವಷ್ಟರಲ್ಲಿ ಠಪ್ ಎಂದು ಬಿಳಿ ಚೆಂಡೊಂದು ಅವರ ಕಾಲಿನಿಂದ ಒಂದು ಮಾರು ದೂರದಲ್ಲಿ ಬಿದ್ದು, ಪುಟಿದು ಉರುಳಿತು. ಕೂಗಿಲ್ಲ, ಸದ್ದಿಲ್ಲ. ದೂರದ ಕಟ್ಟೆಯ ಮೇಲೆ ಹಲ್ಲಿನ ಡಾಕ್ಟರು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದರು.

ಯಜಮಾನರು ಆ ಚೆಂಡನ್ನೇ ನೋಡಿದರು. ಕಂಡಕ್ಟರ ಕಾಲನ್ನು ನೋಡಿದರು. ಆಮೇಲೆ ಕೋಲನ್ನು ಹೆಗಲಿಗೇರಿಸಿ, ಹುಲ್ಲಿನ ಸರಿಯಾದ ನಡುಮಧ್ಯಕ್ಕೆ ಹೋಗಿ, ತುಂಬಿದ ಬಸ್ಸನ್ನು ಮೊದಲನೇ ಗೇರಿನಲ್ಲಿ ಏರಿಗೆ ಹತ್ತಿಸುವವರ ಹಾಗೆ ನಡೆಯತೊಡಗಿದರು.

"ಏನ್ ಅಣ್ಣಾ ಇದು?" ಎಂದಳು ನಾದಿನಿ.

"ಇನ್ನು ಬ್ರೇಕ್ ಮೇಲೇ ಹೋಗೋದು. ಸಾಯಂಕಾಲ ಆದ್ರೂ ಸರಿ. ಅವನ ರೋಗಿ ಬಾಯಿ ತೆಕ್ಕೊಂಡು ಕಾಯಲಿ."

ಅಷ್ಟರಲ್ಲಿ ಬ್ಯಾಟರಿ ಗಾಡಿ ಬಂತು. "ಕ್ಷಮಿಸಿ" ಎಂದರು ಕ್ಷಮಿಸಿ. "ಎಂಟು ನಿಮಿಷ ಹಿಂದೆ ಇದ್ದೀರಿ. ಕ್ಷಮಿಸಿ, ಇವತ್ತು ಬರೆದ್ರೆ ಮೂರನೇದು. ನನಗೂ ಬರೆಯೋಕೆ ಇಷ್ಟ ಇಲ್ಲ. ದಾರಿ ಬಿಟ್ಟರೆ ಬರೆಯೋ ಹಾಗೇ ಇಲ್ಲ, ನೋಡಿ..." ಪುಸ್ತಕ ತೆರೆದಿತ್ತು. ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅದನ್ನು ತೆಗೆಯಲು ಅವರು ಪಡುತ್ತಿದ್ದ ಪಾಡು ನೋಡಬೇಕಿತ್ತು. ಯಾರೋ ಅಂಟು ಹಾಕಿದ್ದಾರೆ ಅನ್ನಬೇಕು.

"ಬರೀರಿ ಸಾರ್" ಎಂದರು ಯಜಮಾನರು ನಡೆಯುತ್ತಲೇ.

ನಾನು ಕಂಡಕ್ಟರ ಮುಖ ನೋಡಿದೆ. ಅವರ ಚೀಲದ ಬಾಯಿಂದ ಹಳೆಯ ಪೇಪರು ಇಣುಕುತ್ತಿತ್ತು. ಏಳನೇ ಕಟ್ಟೆಯ ಹತ್ತಿರ ಒಂದು ಕಲ್ಲುಬೆಂಚಿದೆ, ಬೆಳಿಗ್ಗೆ ತಣ್ಣಗೆ ಕೊರೆಯುತ್ತದೆ. ನನ್ನ ಯಜಮಾನರ ಸೊಂಟ ಸ್ಟೇರಿಂಗ್ ಮುಂದೆ ಸವೆದದ್ದು. ಅದರ ಮೇಲೆ ಹಾಸಲು ಕಂಡಕ್ಟರು ಪ್ರತಿ ಗುರುವಾರ ಮನೆಯಿಂದ ಪೇಪರು ಮಡಚಿ ತರುತ್ತಾರೆ. ಈ ಏಳು ವರ್ಷದಲ್ಲಿ ಅದರ ಬಗ್ಗೆ ಇಬ್ಬರೂ ಒಂದು ಮಾತಾಡಿದ್ದನ್ನು ನಾನು ಕೇಳಿಲ್ಲ. ಹಾಸುತ್ತಾರೆ, ಕೂರುತ್ತಾರೆ, ಅಷ್ಟೇ.

ಕಂಡಕ್ಟರು ಗಡಿಯಾರ ನೋಡಿ, ನೆಲ ನೋಡಿ, ಉಸಿರೆಳೆದುಕೊಂಡರು. ಆಮೇಲೆ ಕೂಗಿದರು. ಆ ದನಿ ಅವರಿಗಿನ್ನೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಹೋಲ್ಡಾನ್!"

ಯಜಮಾನರ ಬಲಗಾಲು ಹುಲ್ಲಿನ ಮೇಲೆ ಬ್ರೇಕ್ ಒತ್ತಿತು. ಮನಸ್ಸು ಒತ್ತಿದ್ದಲ್ಲ, ಕಾಲೇ ಒತ್ತಿದ್ದು. ನಿಂತಲ್ಲೇ ನಿಂತರು. ಹಿಂದೆ ಬರುತ್ತಿದ್ದ ನಾದಿನಿ ಹೋಗಿ ಅವರ ಬೆನ್ನಿಗೆ ಗುದ್ದಿಕೊಂಡಳು. ಕ್ಷಮಿಸಿಯವರ ಕೈಯಿಂದ ಪೆನ್ನು ಬಿತ್ತು. ಆ ಕಡೆ ಗುಳಿಯ ಹತ್ತಿರವಿದ್ದ ಅಪರಿಚಿತರೊಬ್ಬರೂ ಚೆಂಡು ಹೊಡೆಯಲು ಹೋದವರು ನಿಂತುಬಿಟ್ಟರು.

ಕಂಡಕ್ಟರು ಹತ್ತಿರ ಹೋಗಿ, ಕಿಟಕಿಯ ಪಕ್ಕ ನಿಂತು ಮಾತಾಡುವವರ ಹಾಗೆ, ಮೆಲ್ಲಗೆ ಹೇಳಿದರು. "ಹಿಂದಿನ ಗಾಡಿಗೆ ಸೈಡ್ ಕೊಡಿ ಡ್ರೈವರ್ರೇ."

"ಅವನು ನಿಮ್ಮ ಕಾಲಿಗೆ ಹೊಡೀತಿದ್ದ!"

"ತಾಗ್ಲಿಲ್ಲವಲ್ಲ."

"ಐವತ್ತು ಜನದ ಗಾಡಿ..."

"ಇವತ್ತು ನಮ್ಮಲ್ಲೂ ನಾಲ್ಕು ಜನ, ಅವರಲ್ಲೂ ನಾಲ್ಕು ಜನ. ಎಣಿಸಿದೀನಿ." ಬೆರಳು ಮಡಚಿ ತೋರಿಸಿದರು. ಆಮೇಲೆ "ಮುಂದಿನ ಗುರುವಾರ ನೀವು ಇಲ್ಲಿ ನಿಂತಿರ್ತೀರಿ, ಯಾರೂ ರೈಟ್ ಅನ್ನಲ್ಲ. ಎಷ್ಟೊತ್ತು ನಿಂತಿರ್ತೀರಿ?" ಎಂದರು.

ಯಜಮಾನರು ಹುಲ್ಲನ್ನು ನೋಡಿದರು, ಬೇಲಿಯಾಚೆಯ ಸಿಗ್ನಲ್ಲನ್ನು ನೋಡಿದರು. ಅಲ್ಲಿ ಹದಿನಾಲ್ಕನೇ ನಂಬರು ಕೆಂಪು ದೀಪಕ್ಕೆ ನಿಂತಿತ್ತು. ಆಮೇಲೆ ಎಡಕ್ಕೆ ಸರಿದರು. ಅಂಚಿನ ಮರದ ಬುಡದವರೆಗೆ ಸರಿದು, ನೆಟ್ಟಗೆ ನಿಂತು, ಬಲಗೈಯನ್ನು ಇಲ್ಲದ ಕಿಟಕಿಯಿಂದ ಹೊರಗೆ ಚಾಚಿದರು. ಮಣಿಕಟ್ಟಿನಿಂದ ಎರಡು ಸಲ ಮುಂದಕ್ಕೆ ಬೀಸಿದರು. ಮೂವತ್ತೊಂದು ವರ್ಷ ಬೇರೆಯವರು ಬೀಸುವುದನ್ನು ನೋಡಿದ್ದರಲ್ಲ, ಚೆನ್ನಾಗಿಯೇ ಬಂತು.

ಡಾಕ್ಟರ ತಂಡ ದಡದಡನೆ ಹಾದುಹೋಯಿತು. ಡಾಕ್ಟರು ಫೋನಿನಲ್ಲಿ "ಇಲ್ಲಿ ಜಾಮ್ ಆಗಿತ್ತು, ಈಗ ಬಿಡ್ತು" ಎನ್ನುತ್ತಿದ್ದರು. ನಾಲ್ವರಲ್ಲಿ ಕೊನೆಯಲ್ಲಿದ್ದ ಸಣಕಲು ಮನುಷ್ಯ ಮಾತ್ರ ಟೋಪಿ ಎತ್ತಿ, "ಥ್ಯಾಂಕ್ಸ್ ಯಜಮಾನ್ರೇ" ಎಂದ.

"ಇರಲಿ, ಹೋಗಿ" ಎಂದರು ಯಜಮಾನರು. ಹೇಳಿದ ಮೇಲೆ ತಮಗೇ ಆಶ್ಚರ್ಯವಾದಂತೆ ನನ್ನ ಕಡೆ ನೋಡಿದರು.

ಕ್ಷಮಿಸಿಯವರ ಪೆನ್ನಿನ ಮುಚ್ಚಳ ಈಗ ಸಲೀಸಾಗಿ ಬಂತು. 'ದಾರಿ ಬಿಟ್ಟರು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. "ಕ್ಷಮಿಸಿ, ಇನ್ನು ನೀವು ಎಷ್ಟೊತ್ತಿಗೆ ಬೇಕಾದ್ರೂ ಬನ್ನಿ" ಎಂದು ಗಾಡಿ ತಿರುಗಿಸಿಕೊಂಡು ಹೋದರು. ಹೋಗುವಾಗ ಅವರು ಏನೋ ಗುನುಗುತ್ತಿದ್ದರು.

ಆಮೇಲೆ ನಮ್ಮನ್ನು ಹಿಡಿಯುವವರು ಯಾರು? ನಾದಿನಿ ನಾಲ್ಕನೇ ಗುಳಿಯ ಪೊದೆಗೆ ವಾಪಸ್ ಓಡಿದಳು. ಅರವತ್ತಾರು ವರ್ಷದವಳು ಓಡಿದ್ದನ್ನು ಅವತ್ತೇ ನೋಡಿದ್ದು. ನಾನು ಕಣ್ಣಿಗೆ ಬಿದ್ದ ಹೆಂಟೆಗಳನ್ನೆಲ್ಲ ಸ್ವಸ್ಥಾನ ಸೇರಿಸಿದೆ. ಕಲ್ಲುಬೆಂಚಿನ ಮೇಲೆ ಕಂಡಕ್ಟರು ಪೇಪರು ಹಾಸಿದರು. ಇಬ್ಬರೂ ಕೂತರು.

ಏಳನೇ ಗುಳಿಗೆ ಬಂದರೆ ಡಾಕ್ಟರು ಇನ್ನೂ ಅಲ್ಲೇ ಇದ್ದರು! ಅವರ ಚೆಂಡು ಮುಳ್ಳು ಪೊದೆಗೆ ಬಿದ್ದಿತ್ತು. ಅವರ ಹೆಂಡತಿ ಹುಟ್ಟುಹಬ್ಬಕ್ಕೆ ಏನೋ ಬರೆಸಿ ಕೊಟ್ಟ ಚೆಂಡಂತೆ. ಕಳೆದುಕೊಂಡು ಮನೆಗೆ ಹೋಗುವ ಹಾಗಿಲ್ಲ. ನಾಲ್ವರೂ ಕೋಲಿನಿಂದ ಪೊದೆಯನ್ನು ಬಡಿಯುತ್ತಿದ್ದರು. ಗೆಳೆಯನೊಬ್ಬ "ಬಿಡೋ, ಹೊತ್ತಾಯ್ತು" ಅಂದರೆ ಡಾಕ್ಟರು "ನಿನಗೇನು, ನಿನ್ನ ಹೆಂಡ್ತಿ ಚೆಂಡು ಕೊಟ್ಟಿಲ್ವಲ್ಲ" ಎಂದು ರೇಗುತ್ತಿದ್ದರು.

ಯಜಮಾನರು ಕೋಲೂರಿ ನಿಂತು ಆನಂದದಿಂದ ನೋಡಿದರು. "ಕಂಡಕ್ಟರ್ರೇ, ಹಾರ್ನ್ ಹೊಡೀಲಾ?"

"ಬೇಡಿ. ಪಾಪ."

ಅಷ್ಟರಲ್ಲಿ ನಾದಿನಿ ಸೆರಗು ಸಿಕ್ಕಿಸಿಕೊಂಡು ಪೊದೆಯ ಕಡೆ ನಡೆದಾಗಿತ್ತು. "ಯಾರೂ ಕಾಲು ಎತ್ತಬೇಡಿ!" ಎಂದಳು, ಅಂಗಡಿಯ ದನಿಯಲ್ಲಿ. ಹಲ್ಲಿನ ಡಾಕ್ಟರು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ಕಲ್ಲಾದರು. ಒಂದು ನಿಮಿಷವೂ ಆಗಲಿಲ್ಲ. ಅವಳು ಮೂರು ಚೆಂಡು ಹಿಡಿದು ಬಂದು, ಒಂದನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. "'ನನ್ನ ಮುದ್ದು ರಾಕ್ಷಸನಿಗೆ.' ನಿಮ್ಮದೇನಾ?"

ಡಾಕ್ಟರು ಆ ಚೆಂಡು ತೆಗೆದುಕೊಂಡಾಗ ಅವರ ಮುಖ ಅವರ ಕುರ್ಚಿಯಲ್ಲಿ ಕೂತ ರೋಗಿಯ ಮುಖದ ಹಾಗಿತ್ತು. "ಥ್ಯಾಂಕ್ಸ್ ಅಮ್ಮಾ" ಎಂದರು. ಫೋನು ಅರಚಿತು. ನನ್ನ ಕಡೆ ಒಮ್ಮೆ ನೋಡಿ ಅದರ ಬಾಯಿ ಮುಚ್ಚಿಸಿ ಜೇಬಿಗಿಟ್ಟರು.

ಒಂಬತ್ತನೇ ಕಟ್ಟೆಯಲ್ಲೂ ಅವರು ಸಿಕ್ಕಿದರು. ಅಲ್ಲಿ ಕೊಳ ದಾಟಿಸಿ ಹೊಡೆಯಬೇಕು. ಡಾಕ್ಟರು ಈಗಾಗಲೇ ಎರಡು ಚೆಂಡು ನೀರಿಗೆ ಒಪ್ಪಿಸಿದ್ದರು. ಗಂಟೆ ಹತ್ತೂವರೆ ದಾಟಿತ್ತು. ಮೂರನೆಯದನ್ನಿಟ್ಟು ಕೋಲು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ನಾವು ಹಿಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಕಂಡಕ್ಟರಿಗೆ ತಡೆಯಲಾಗಲಿಲ್ಲ. ಮುಂದೆ ನೋಡಿದರು. ಎಡ, ಬಲ. ತಿರುಗಿ ಹಿಂದೆ. ಏಳು ಬೆರಳು ಮಡಚಿ ಎಲ್ಲರನ್ನೂ ಎಣಿಸಿದರು.

"ರೈಟ್" ಎಂದರು, ಮೆಲ್ಲಗೆ.

ಡಾಕ್ಟರು ಹೊಡೆದೇಬಿಟ್ಟರು. ಚೆಂಡು ಕೊಳದ ಮೇಲೆ ಹಕ್ಕಿಯ ಹಾಗೆ ಹಾರಿ, ಬಾವುಟದ ಹತ್ತಿರ ಇಳಿದು ಕೂತಿತು. ಅವರು ತಿರುಗಿ ಕಂಡಕ್ಟರನ್ನು ನೋಡಿದರು. ಬಹಳ ಹೊತ್ತು ನೋಡಿದರು.

ನಾವು ಮುಗಿಸಿದಾಗ ಹನ್ನೊಂದೂ ಕಾಲು. ನಾದಿನಿ ಬುಟ್ಟಿಗೆ ಹದಿನೇಳು ಚೆಂಡು ಸುರಿದಳು. ಗೇಟಿನ ಹತ್ತಿರ ಕಂಡಕ್ಟರು ಸೈಕಲ್ ಹಿಡಿದು ನಿಂತರು. ಶಾಲೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ಆದರೆ ಅವರು ಯಾವತ್ತೂ ಅರ್ಧ ಗಂಟೆ ಮುಂಚೆಯೇ ಹೋಗಿ ಕಾಯುವವರು. ಯಜಮಾನರು ಅವರ ಹಿಂದೆ ನಿಂತು, ರಸ್ತೆಯ ಬಲಕ್ಕೆ ನೋಡಿ, ಎಡಕ್ಕೆ ನೋಡಿ, ತಿರುಗಿ ನಮ್ಮನ್ನೂ ಎಣಿಸಿ, "ರೈಟ್" ಎಂದರು. ಮೂವತ್ತೊಂದು ಮತ್ತು ಏಳು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಕಂಡಕ್ಟರು ನಗಲಿಲ್ಲ. ಹೊರಟರು.

ಮುಂದಿನ ಗುರುವಾರ ಎಂಟಕ್ಕೆ ನಮ್ಮ ಕಟ್ಟೆಗೆ ಬಂದರೆ ಹಲ್ಲಿನ ಡಾಕ್ಟರು ಒಬ್ಬರೇ ನಿಂತಿದ್ದರು. ಮೊದಲ ರೋಗಿಯನ್ನು ಹನ್ನೊಂದೂವರೆಗೆ ಹಾಕಿಕೊಂಡಿದ್ದಾರಂತೆ. ಗೆಳೆಯರು ಎಂಟೂ ಹತ್ತರ ಸರದಿಯಲ್ಲಿ ಬರುತ್ತಾರಂತೆ. ಕೈಕೈ ಹಿಸುಕಿಕೊಂಡರು.

"ಯಜಮಾನ್ರೇ, ನಿಮ್ಮ ಕಂಡಕ್ಟರನ್ನ ನನಗೆ ಸ್ವಲ್ಪ... ಒಂದೆರಡು ಗುಳಿಗೆ... ಕೊಡ್ತೀರಾ?"

ಯಜಮಾನರು ಎದೆಯುಬ್ಬಿಸಿದರು. "ಕಂಡಕ್ಟರನ್ನ ಕೊಡೋಕಾಗಲ್ಲ ಡಾಕ್ಟ್ರೇ. ಬೇಕಾದ್ರೆ ನೀವೇ ನಮ್ಮ ಗಾಡಿ ಹತ್ತಿ."

ಬ್ಯಾಟರಿ ಗಾಡಿ ಬಂದು ನಿಂತಿತು. "ಕ್ಷಮಿಸಿ. ಒಂದು ತಂಡದಲ್ಲಿ ನಾಲ್ಕೇ ಜನ ಆಡಬಹುದು. ಐದಾಗೋ ಹಾಗಿಲ್ಲ. ಕ್ಷಮಿಸಿ."

ಎಲ್ಲರೂ ಕಂಡಕ್ಟರನ್ನು ನೋಡಿದೆವು. ಗಾಡಿಯೊಳಗಿನ ಜಾಗದ ವಿಷಯದಲ್ಲಿ ಕೊನೆಯ ಮಾತು ಅವರದೇ. ಅವರು ನಮ್ಮನ್ನು ಬೆರಳು ಮಡಚಿ ಎಣಿಸಿದರು. ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು. ಮರಳು ಎಳೆಯುವ ಕುಂಟೆ ಅವರ ಪಕ್ಕದಲ್ಲೇ ಇತ್ತು. ಅದನ್ನು ತೆಗೆದು ಡಾಕ್ಟರ ಕೈಗೆ ಕೊಟ್ಟರು.

"ಸೀಟಿಲ್ಲ" ಎಂದರು. "ನಿಂತ್ಕೊಂಡು ಬರೋದಾದ್ರೆ ಬನ್ನಿ."

ಆಮೇಲೆ ಮುಂದೆ ನೋಡಿದರು. ಎಡಗಡೆ ನೋಡಿದರು. ಬಲಗಡೆ ನೋಡಿದರು. ತಿರುಗಿ ಹಿಂದೆ ನೋಡಿದರು. ಅಲ್ಲಿ ಡಾಕ್ಟರೂ ಕುಂಟೆ ಹಿಡಿದುಕೊಂಡು, ಎಡ ನೋಡಿ, ಬಲ ನೋಡಿ, ಹಿಂದೆ ತಿರುಗುತ್ತಿದ್ದರು.